ಎಡಬಾಗಿಲಿನ ಕೀಲು

ನಾಲ್ಕನೆಯ ಭಾನುವಾರವೂ ಕಾರಿನ ಎಡಬಾಗಿಲು ಕಿರ್ ಎಂದಿತು. ನಾನು ಕೈಯಲ್ಲಿದ್ದ ಪಟ್ಟಿಯ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ.

“ಹೋದ್ವಾರ ಇದಕ್ಕೆ ಎಣ್ಣೆ ಹಾಕಿದ್ನಲ್ಲ,” ಎಂದ ಮೆಕ್ಯಾನಿಕ್.

“ಮರ್ತಿರ್ಬೇಕು. ವಯಸ್ಸಾಯ್ತಲ್ಲ.”

“ನಿಮಗಿಂತ ಎರಡೇ ವರ್ಷ ದೊಡ್ಡೋನು.”

“ಅದಕ್ಕೇ ಹೇಳಿದ್ದು.”

ಬೇರೆ ದಿನವಾಗಿದ್ದರೆ ತುಟಿಯ ಒಂದು ಕೊನೆಯನ್ನಾದರೂ ಮೇಲೆತ್ತುತ್ತಿದ್ದ. ಇವತ್ತು ಬಾಗಿಲನ್ನೇ ನೋಡುತ್ತ ನಿಂತ.

ಕಾರು ಅಪ್ಪನದು. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ನನಗಿಂತ ಹಳೆಯದು. ಇಪ್ಪತ್ತು ವರ್ಷಗಳ ಹಿಂದೆ ಇವನು ಅಪ್ಪನ ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಎಂಜಿನ್ನಿಗೆ ಆಯಿಲ್ ಯಾರು ಬೇಕಾದರೂ ಹಾಕುತ್ತಾರೆ, ಕಣ್ಣಿಗೆ ಬೀಳದ ಜಾಗಗಳಿಗೆ ಹಾಕುವವನೇ ಮೆಕ್ಯಾನಿಕ್ ಎಂದು ಅಪ್ಪನ ಹಟ. ಅದಕ್ಕೆಂದೇ ಒಂದು ಪಟ್ಟಿ ಬರೆದಿಟ್ಟಿದ್ದರು. ಬಾಗಿಲಿನ ಕೀಲು, ಸೀಟು ಜಾರುವ ಹಳಿ, ವೈಪರ್ ಬುಡ, ಆಕ್ಸಿಲರೇಟರ್ ಪೆಡಲಿನ ಪಿನ್ನು, ಡೈನಮೋ ಹಿಂದಿನ ಸಾಸಿವೆಯಷ್ಟು ತೂತು, ಹೀಗೆ. ನಾನು ಒಂದೊಂದಾಗಿ ಓದಬೇಕು, ಇವನು ಎರಡು ಹನಿ ಬಿಟ್ಟು “ಆಯ್ತು” ಅನ್ನಬೇಕು.

ಪ್ರತಿ “ಆಯ್ತು”ವಿಗೂ ತಲೆ ಹೊರಗೆ ಹಾಕಿ ನನ್ನನ್ನೊಮ್ಮೆ ನೋಡುತ್ತಿದ್ದ. ನಾನು ನೋಡಿದರೆ ಥಟ್ಟನೆ ನಟ್ಟು ಬೋಲ್ಟು ಹುಡುಕುತ್ತಿದ್ದ. ಮೂಗಿನ ಮೇಲೆ ಯಾವಾಗಲೂ ಮಸಿ. ಮಸಿಮೂಗ ಎಂದು ಹೆಸರಿಟ್ಟವಳು ನಾನೇ. ಆ ನೋಟಕ್ಕಾಗಿ ಪಟ್ಟಿಯನ್ನು ಅಕ್ಷರ ಕಲಿಯುವವಳ ಹಾಗೆ ನಿಧಾನವಾಗಿ ಓದುತ್ತಿದ್ದೆ. ಎಂಥ ದಿನಗಳವು.

ಒಮ್ಮೆ ಡೈನಮೋ ತೂತಿಗೆ ಎಣ್ಣೆ ಬಿಡಲು ಮರೆತ. ಅದು ಬಿಗಿದುಕೊಂಡು ಕಾರು ನಡುದಾರಿಯಲ್ಲಿ ನಿಂತಿತು. “ನಿನ್ನ ಕೈ ನಂಬೋಕಾಗಲ್ಲಪ್ಪ,” ಎಂದರು ಅಪ್ಪ. ಅಷ್ಟೇ. ಮರುದಿನದಿಂದ ಆಸಾಮಿ ನಾಪತ್ತೆ. ನನಗೂ ಒಂದು ಮಾತು ಹೇಳಲಿಲ್ಲ, ಪುಣ್ಯಾತ್ಮ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ಏನಾದರೊಂದು ಕುಂಟುನೆಪ ಹೇಳಿ ವಾಪಸ್ ಕಳಿಸಿದೆ.

ಅಪ್ಪ ತೀರಿಕೊಂಡ ಮೇಲೆ ಕಾರು ಮುಸುಕು ಹೊದ್ದು ನಿಂತಿತ್ತು. ಓಡುವ ಹಾಗಾದರೆ ತನ್ನ ಮನೆಗೆ ಒಯ್ಯುತ್ತೇನೆ ಎಂದ ಅಣ್ಣ. ನಾನು ಊರೆಲ್ಲ ವಿಚಾರಿಸಿ ಇವನ ಫೋನ್ ನಂಬರ್ ಹಿಡಿದೆ. ಬಂದ. ಕಿವಿಯ ಹತ್ತಿರ ನರೆ, ಮೂಗಿನ ಮೇಲೆ ಅದೇ ಮಸಿ.

“ಮನೇಲಿ ಯಾರ್ಯಾರಿದ್ದಾರೆ?” ಎಂದು ಗಾಳಿಗೆ ಕೇಳಿದ ಹಾಗೆ ಕೇಳಿದ್ದೆ.

“ನಾನು, ರಿಪೇರಿಗೆ ಬಂದ ಮೂರು ಗಾಡಿ.”

ನನ್ನ ಜೀವಕ್ಕೆ ಹಾಯೆನಿಸಿತು. ಆದರೆ ಅವನು ಮೊದಲ ಭಾನುವಾರವೇ ಪಟ್ಟಿ ಪೂರ್ತಿ ಮುಗಿಸಿಬಿಟ್ಟ. ಇನ್ನು ಕಾರು ಅಣ್ಣನ ಮನೆಗೆ, ಇವನು ತನ್ನ ದಾರಿಗೆ. ಶನಿವಾರ ಸೀಮೆಎಣ್ಣೆ, ಬ್ರಷ್ಷು ತೆಗೆದುಕೊಂಡು ಹೋಗಿ ಎಡಬಾಗಿಲಿನ ಕೀಲನ್ನು ತಿಕ್ಕಿ ತೊಳೆದೆ. ಕಿರ್ ಅಂತಿದೆ ಎಂದು ಫೋನ್ ಮಾಡಿದೆ. ಮುಂದಿನ ವಾರ ಅದರ ಜೊತೆ ಸೀಟಿನ ಹಳಿ. ಅದರ ಮುಂದಿನ ವಾರ ವೈಪರ್ ಬುಡವೂ ಸೇರಿತು. ಒಳ್ಳೆಯ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಈಗ ಅವನು ಮೂರನ್ನೂ ಮುಟ್ಟಿ ನೋಡಿದ. ಬೆರಳಿಗೆ ಎಣ್ಣೆಯ ಪಸೆಯೂ ಹತ್ತಲಿಲ್ಲ. ಎಣ್ಣೆಡಬ್ಬಿ ಕೆಳಗಿಟ್ಟು ಚೀಲ ಕಟ್ಟತೊಡಗಿದ.

“ಬೇರೆ ಯಾರನ್ನಾದ್ರೂ ಕರೀರಿ.”

“ಯಾಕೆ?”

“ಎಲ್ಲದಕ್ಕೂ ಹಾಕಿದ್ದು ಚೆನ್ನಾಗಿ ನೆನಪಿದೆ. ನೋಡಿದ್ರೆ ಹಾಕೇ ಇಲ್ಲ. ಇವತ್ತು ಬಾಗಿಲು, ನಾಳೆ ಯಾರದೋ ಬ್ರೇಕು. ನಿಮ್ಮಪ್ಪ ಅವತ್ತು ಹೇಳಿದ್ದು ಸರಿ. ಕೆಲಸಾನೇ ಬಿಟ್ಬಿಡ್ತೀನಿ.”

ಚೀಲ ಹೆಗಲಿಗೇರಿಸಿ ಷೆಡ್ಡಿನ ಬಾಗಿಲ ಕಡೆ ನಡೆದ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಆದರೆ ಇವನ ಬದುಕು ಹಾಳಾಗುತ್ತಿತ್ತು.

“ನಾನೇ ತೊಳೆದಿದ್ದು,” ಎಂದೆ.

ಅವನು ತಿರುಗಿದ. “ಏನನ್ನ?”

“ಮೂರನ್ನೂ. ಸೀಮೆಎಣ್ಣೆ ಹಾಕಿ. ಪ್ರತಿ ಶನಿವಾರ.”

“ಯಾಕೆ?”

“ಯಾಕೆ ಅಂತ ಬೇರೆ ಕೇಳ್ತೀಯಾ? ಕೆಲಸ ಮುಗಿದ್ರೆ ನೀನು ಹೋಗ್ತೀಯ. ಒಂದ್ಸಲ ಹೇಳ್ದೆ ಕೇಳ್ದೆ ಹೋದೆ, ತಡ್ಕೊಂಡೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನೀನಂದ್ರೆ ನನಗೆ ಇಷ್ಟ ಕಣೋ. ಆಗ್ಲೂ, ಈಗ್ಲೂ.”

ಅವನು ಬಹಳ ಹೊತ್ತು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಹಾಗಾದ್ರೆ ನನ್ನ ಕೈ ಸರಿಯಾಗಿದೆ.”

“ಕೈ ಸರಿಯಾಗಿದೆ. ತಲೇಲೇ ಏನೂ ಇಲ್ಲ.”

ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ, ಮಸಿ ಕೆನ್ನೆಗೂ ಹತ್ತಿತು. “ಆವತ್ತು ನಿಮ್ಮಪ್ಪನ ಹತ್ರ ನಿನ್ನನ್ನ ಕೇಳ್ಬೇಕು ಅಂದ್ಕೊಂಡಿದ್ದೆ. ಕೈ ನಂಬೋಕಾಗಲ್ಲ ಅಂದೋರ ಹತ್ರ ಮಗಳನ್ನ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಅದಕ್ಕೇ ಹೋದೆ.”

ನನಗೆ ಅಳು ಬಂತು. ಸಿಟ್ಟೂ ಬಂತು. ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷ.

“ಇನ್ಮೇಲೆ ಏನೂ ತೊಳೀಬೇಡ,” ಎಂದ ಮೆಲ್ಲಗೆ. “ಭಾನುವಾರ ಸುಮ್ನೆ ಬರ್ತೀನಿ.”

“ಭಾನುವಾರ ಮಾತ್ರನಾ?”

“ದಿನಾ ಬರೋದಾದ್ರೆ, ಮತ್ತೆ ಹೋಗೋದ್ಯಾಕೆ?”

ನಾನು ಅವನ ಹೆಗಲಿನ ಚೀಲ ಕಿತ್ತುಕೊಂಡು ಮನೆಯೊಳಗಿಟ್ಟೆ.