ಹೆಗಲ ಮೇಲಿನ ಕೈ

ನಾವು ಕುಲಗೋಡದವರು. 2003ರ ಚಳಿಗಾಲದಲ್ಲಿ ನಮ್ಮ ಮನೆಯವರು ನನ್ನನ್ನೂ ಪುಟ್ಟ ಮಗಳು ಭಕ್ತಿಯನ್ನೂ ಯಮಕನಮರಡಿ ಆಚೆಯ ಗುಡ್ಡದಲ್ಲಿದ್ದ ಒಂದು ದುಬಾರಿ ಸಫಾರಿ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಗಳಿಕೆಯನ್ನು ಕ್ಯಾಂಪಿನವರು ಕಾಡುಪ್ರಾಣಿಗಳನ್ನು ಉಳಿಸಲು ಬಳಸುತ್ತಿದ್ದರು. ಡೇರೆಯೊಳಗೇ ಮೆತ್ತನೆ ಮಂಚ, ಬಿಸಿನೀರು, ಎಲ್ಲ ಇತ್ತು.

ಸಂಜೆ ಪ್ರಾಣಿಗಳನ್ನು ನೋಡಲು ಹೊಂಡದ ದಂಡೆಯ ಕಲ್ಲುಕೋಣೆಯಲ್ಲಿ ನಮ್ಮನ್ನು ಕೂರಿಸಿ, ಕ್ಯಾಂಪಿನ ಪರಪ್ಪ ಜೀಪು ತರಲು ಹೋದ. ಇವರು ಕಿಟಕಿಯಲ್ಲಿ ನವಿಲು ನೋಡುತ್ತಿದ್ದರು. ಭಕ್ತಿ ನನ್ನ ತೊಡೆಯ ಮೇಲೆ ಮಲಗಿದ್ದಳು.

ಜೀಪಿನ ಸದ್ದು ಕೇಳಿತು. ಮಗಳನ್ನು ಎತ್ತಿಕೊಂಡು ಏಳಹೋದೆ. ಹಿಂದಿನಿಂದ ಒಂದು ಕೈ ನನ್ನ ಹೆಗಲನ್ನು ಒತ್ತಿತು. ಬಾವಿನೀರಿನಷ್ಟು ತಣ್ಣಗಿತ್ತು. ಒದ್ದೆ ಕಂಬಳಿಯ ವಾಸನೆ ಬಂತು.

"ಏಳಬ್ಯಾಡ ತಂಗಿ, ಕುಂದ್ರು," ಅಂತು ಮುದುಕನ ದನಿ.

ಕ್ಯಾಂಪಿನವರೇ ಯಾರೋ ಇರಬೇಕೆಂದು ಕುಳಿತೆ. ಅಷ್ಟರಲ್ಲಿ ತೆರೆದ ಬಾಗಿಲ ಮುಂದೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಚಿರತೆಯೊಂದು ನಿಧಾನವಾಗಿ ದಾಟಿಹೋಯಿತು.

ಮಗಳನ್ನು ಅವಚಿಕೊಂಡು ಅತ್ತುಬಿಟ್ಟೆ. ಬದುಕಿದೆವಲ್ಲ ಎಂದು ಜೀವ ಹಗುರಾಯಿತು.

"ಆ ಕಾಕಾ ಎಲ್ಲಿ ಹೋದ್ರು?" ಅಂದೆ.

"ಯಾವ ಕಾಕಾ? ಇಲ್ಲಿ ನಾವಷ್ಟ ಅದೀವಲ್ಲ," ಅಂದರು ಇವರು.

ಕೈ ಮುಗಿಯಲೆಂದು ತಿರುಗಿದೆ. ನಾನು ಕುಳಿತ ಕಟ್ಟೆ ಹಿಂದಿನ ಗೋಡೆಗೇ ಅಂಟಿಕೊಂಡಿತ್ತು. ನನಗೂ ಗೋಡೆಗೂ ನಡುವೆ ಅಂಗೈ ತೂರುವಷ್ಟೂ ಜಾಗವಿರಲಿಲ್ಲ.