ಕಣ್ಣಿಗೆ ಬೀಳದ ಬೆಂಕಿ

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 11.40ಕ್ಕೆ ಅಗರದ ಶಿವರಾಜು ಕೊಳ್ಳೇಗಾಲದ ಠಾಣೆಗೆ ಬಂದು ದೂರು ಕೊಟ್ಟ. ಮಧುವನಹಳ್ಳಿ ಹತ್ತಿರದ ಜಲಜನಕ ಘಟಕದಲ್ಲಿ ಕಸ ಗುಡಿಸುತ್ತಿದ್ದ ಅವನ ಹೆಂಡತಿ ರತ್ನಳ ಸೀರೆಗೆ ಒಂಬತ್ತೂವರೆ ಸುಮಾರಿಗೆ ಬೆಂಕಿ ಹತ್ತಿ, ಎರಡೂ ಕೈ ಸುಟ್ಟಿದ್ದವು. ಎಫ್‌ಐಆರ್ ದಾಖಲಾಯಿತು.

ಹಿಪ್ಪುನೇರಳೆ ಕಡ್ಡಿಯನ್ನು ಕಾಯಿಸಿ ಜಲಜನಕ ತೆಗೆಯುವುದು, ಅದರಲ್ಲಿದ್ದ ಇಂಗಾಲವನ್ನು ಗಾಳಿಗೆ ಬಿಡದೆ ಇದ್ದಿಲು ಮಾಡಿ ಹೊಲದ ಮಣ್ಣಿಗೆ ಸೇರಿಸುವುದು ಆ ಘಟಕದ ಕೆಲಸ. ಇನ್‌ಸ್ಪೆಕ್ಟರ್ ಮೀನಾ ಮತ್ತು ಹೆಡ್ ಕಾನ್‌ಸ್ಟೆಬಲ್ ಕೆಂಪನಂಜಪ್ಪ 12.30ಕ್ಕೆ ಅಲ್ಲಿಗೆ ತಲುಪಿ ಪಂಚನಾಮೆ ನಡೆಸಿದರು. ಕೊಳವೆಯ ಜಾಯಿಂಟ್ ಕೆಳಗೆ ಅರ್ಧ ಸುಟ್ಟ ಪೊರಕೆ, ಸೀರೆಯ ತುಣುಕು, ಒಂದು ಬೆಂಕಿಪೊಟ್ಟಣ ಸಿಕ್ಕವು.

"ಟೀ ಕಾಯ್ಸಕ್ಕೆ ಕಡ್ಡಿ ಗೀರವ್ಳೆ ಮೇಡಂ. ಎಷ್ಟ್ ಸಲ ಏಳಿದ್ರೂ ಕೇಳ್ನಿಲ್ಲ," ಎಂದ ಘಟಕದ ಆಪರೇಟರ್ ಶಿವಕುಮಾರಸ್ವಾಮಿ.

ಮೀನಾ ನಂಬಿದಳು. ಶಿವರಾಜುವನ್ನು ಕರೆದು ಗದರಿದಳು.

"ನಿನ್ನ ಹೆಂಡ್ತಿ ಒಳಗೆ ಬೆಂಕಿಪೊಟ್ಟಣ ತಗೊಂಡು ಹೋಗ್ತಿದ್ಲಾ?"

ಅವನು ಶಿವಕುಮಾರಸ್ವಾಮಿಯ ಮುಖ ನೋಡಿ ತಲೆ ತಗ್ಗಿಸಿದ. "ಇದ್ರೂ ಇರ್ಬೌದು ಮೇಡಂ."

ಗಾಯಾಳುವಿನದೇ ನಿರ್ಲಕ್ಷ್ಯ ಇರಬಹುದೆಂದು ಮೀನಾ ಕೇಸ್ ಡೈರಿಯಲ್ಲಿ ಬರೆದಳು.

ಸಂಜೆ 4ಕ್ಕೆ ಆಸ್ಪತ್ರೆಯಲ್ಲಿ ರತ್ನಳ ಹೇಳಿಕೆ.

"ಬೆಂಕಿ ಕಾಣ್ನೇ ಇಲ್ಲ ಕಣ್ರವ್ವ. ಪೊರಕೆ ತಾನೇ ಉರ್ಕತು. ಒದರೋಷ್ಟ್ರಲ್ಲಿ ಸೆರಗಿಗೆ ಬಂತು."

"ಅಲಾರಂ?"

"ದಿನಾ ಬಡ್ಕತಿತ್ತು. ಇವತ್ತು ಬಡ್ಕನಿಲ್ಲ."

ಹೊರಗೆ ಬಂದ ಮೇಲೆ ಕೆಂಪನಂಜಪ್ಪ ಮೆಲ್ಲಗೆ ಹೇಳಿದ: "ಮೇಡಂ, ಸುತ್ತ ಎಲ್ಲಾ ಕರಕಲಾಗ್ಬುಟ್ಟದೆ. ಆ ಬೆಂಕಿಪೊಟ್ಟಣ ಮಾತ್ರ ಅಂಗಡಿಯಿಂದ ತಂದಂಗದೆ. ಒಂದು ಕಡ್ಡಿನೂ ಗೀರಿಲ್ಲ."

ಪಂಚನಾಮೆಯಲ್ಲಿ ಮೀನಾ ತಾನೇ ಬರೆಸಿದ ವಿವರವದು. ಬರೆಸುವಾಗ ಯೋಚಿಸಿರಲಿಲ್ಲ. ಘಟಕವನ್ನು ಪರೀಕ್ಷಿಸುವವರನ್ನು ಕಳಿಸಿ ಎಂದು ಅವಳು ಕೂಡಲೇ ಮೈಸೂರಿಗೆ ಫೋನ್ ಮಾಡಿದಳು.

ಮರುದಿನ 11ಕ್ಕೆ ಮೈಸೂರಿನಿಂದ ಸುರಕ್ಷತಾ ಎಂಜಿನಿಯರ್ ಶೃತಿ ಬಂದು ಪರೀಕ್ಷಿಸಿದಳು. "ಜಾಯಿಂಟ್ ಸೋರಿದೆ. ಸಣ್ಣ ಕಿಡಿ ಸಾಕು. ಜಲಜನಕದ ಬೆಂಕಿ ಹಗಲಲ್ಲಿ ಕಣ್ಣಿಗೆ ಬೀಳೋದೇ ಕಷ್ಟ, ಅದಕ್ಕೇ ಅಲಾರಂ ಇರೋದು." ಕಂಪ್ಯೂಟರ್ ತೆಗೆದು ಮಂಗಳವಾರದ ದಾಖಲೆ ತೋರಿಸಿದಳು. 8.52ಕ್ಕೆ ಅಲಾರಂ ಆಫ್. 9.41ಕ್ಕೆ ಆನ್. ಎರಡಕ್ಕೂ ಬಳಸಿದ್ದು ಶಿವಕುಮಾರಸ್ವಾಮಿಯ ಪಾಸ್‌ವರ್ಡ್.

3.15ಕ್ಕೆ ಠಾಣೆಯಲ್ಲಿ ಶಿವಕುಮಾರಸ್ವಾಮಿಯ ವಿಚಾರಣೆ.

"ಯಾಕೆ ಆಫ್ ಮಾಡ್ದೆ?"

ಅವನು ಮುಖ ತಿರುಗಿಸಿದ.

"ಬೆಂಕಿಪೊಟ್ಟಣ ಇಟ್ಟಿದ್ದು ಯಾರು?"

"ನಾನೇ ಮಡಗ್ದೆ."

4 ಗಂಟೆಗೆ ದಸ್ತಗಿರಿ. ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಕಲಮೂ ಸೇರಿತು.

ಆಮೇಲೆ ಅವನೇ ಹೇಳಿಕೊಂಡ. ಜನವರಿಯಲ್ಲಿ ಊರಿನವರು ಘಟಕ ನೋಡಲು ಬಂದಾಗ ಅಲಾರಂ ಸುಮ್ಮಸುಮ್ಮನೆ ಕೂಗಿತ್ತು. ಎಲ್ಲರೂ ಎದ್ದುಬಿದ್ದು ಓಡಿದ್ದರು. ಅಂದಿನಿಂದ ಅವನು ಎದುರಾದರೆ ಸಾಕು, ಜನ ಅಲಾರಂ ತರ ಕೂಗಿ ನಗುತ್ತಿದ್ದರು. ಮಂಗಳವಾರ ಹತ್ತಕ್ಕೆ ಅವನ ಅಪ್ಪ ಗುರುಮಲ್ಲಪ್ಪ ಘಟಕ ತೋರಿಸಲು ನೆಂಟರನ್ನು ಕರೆತರುವವರಿದ್ದರು.

"ಅಪ್ಪನ್ ಮುಂದೆ ಅದೊಂದಿನ ಬಡ್ಕಬಾರ್ದು ಅಂತ ಮೇಡಂ. ಅವ್ಳು ಕಿರುಚ್ದಾಗ ಮೊದ್ಲು ಓಡಿದ್ದು ಅಲಾರಂ ಆನ್ ಮಾಡಕ್ಕೆ. ಅವ್ಳತ್ರ ಓಗ್ನಿಲ್ಲ." ಅವನು ಅಂಗೈಯಿಂದ ಮುಖ ಮುಚ್ಚಿಕೊಂಡ.

ಮೀನಾ ನೇರವಾಗಿ ಆಸ್ಪತ್ರೆಗೆ ಹೋದಳು. ಬ್ಯಾಂಡೇಜು ಸುತ್ತಿದ ಕೈಗಳನ್ನು ರತ್ನ ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. ಶಿವರಾಜು ಅವಳಿಗೆ ಗಂಜಿ ಕುಡಿಸುತ್ತಿದ್ದ.

"ನಿನ್ ತಪ್ಪಿಲ್ಲಮ್ಮ. ನಾನು ತಪ್ಪಾಗಿ ತಿಳ್ಕೊಂಡಿದ್ದೆ."

"ನಂಗೊತ್ತು ಕಣ್ರವ್ವ," ಎಂದಳು ರತ್ನ. "ಆ ಮಾತ್ನ ಇವ್ರಿಗೆ ಏಳಿ."

ಶಿವರಾಜು ಚಮಚವನ್ನು ಬಟ್ಟಲಿಗೆ ಇಳಿಸಿದ. ತಲೆ ಎತ್ತಲಿಲ್ಲ.