ಹನ್ನೊಂದನೇ ಕ್ಯಾಮೆರಾದ ಎರಡು ಅಲರ್ಟ್

2024ರ ಡಿಸೆಂಬರ್ 31, ಮಂಗಳವಾರ, ಬೆಳಿಗ್ಗೆ 9.40. ಸೇಡಂ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಉಮಾದೇವಿ ಎರಡು ಸಲ ಓದಿದರು. ಊರ ಹೊರಗಿನ ಸಿಮೆಂಟ್ ಕಾರ್ಖಾನೆಯ ಉಗ್ರಾಣದಿಂದ ಹಿಂದಿನ ದಿನ ಕಳುವಾದದ್ದು ತಾಮ್ರದ ತಂತಿಯಲ್ಲ, ಡೀಸೆಲ್ ಅಲ್ಲ. ಒಂದೂವರೆ ಅಡಿ ಚೌಕದ ಒಂದು ಹಾಸುಗಲ್ಲು! ಶಹಾಬಾದ ಕಲ್ಲಿನ ಸೀಮೆಯಲ್ಲಿ ಕಲ್ಲನ್ನೇ ಕದ್ದ ಪುಣ್ಯಾತ್ಮ ಯಾರಪ್ಪ ಎಂದು ಠಾಣೆಯಲ್ಲಿ ನಗು ಎದ್ದಿತು. ಉಮಾದೇವಿ ಮಾತ್ರ ನಗಲಿಲ್ಲ. ಒಂದು ವಿಷಯ ತಲೆಗೆ ಹೊಕ್ಕರೆ ಎದುರಿನ ಚಹಾ ಆರಿಹೋದರೂ ಗೊತ್ತಾಗದ ಹೆಂಗಸು ಅವರು.

"ಎಂಥಾ ಕಲ್ಲದು?" ಎಂದು ದೂರುದಾರ, ಕಾರ್ಖಾನೆಯ ಭದ್ರತಾ ಅಧಿಕಾರಿ ಅಜಯಕುಮಾರನನ್ನು ಕೇಳಿದರು.

"ಗಣಿ ಅಗಲ ಮಾಡುವಾಗ ಒಂದು ಹಳೇ ಬಾವಿ ಕಟ್ಟ್ಯಾಗ ಸಿಕ್ಕದ್ದು ಮೇಡಂ. ಏನೋ ಅಕ್ಷರ ಕೆತ್ಯಾರ. ಗೆಸ್ಟ್ ಹೌಸ್ ಕಾರಂಜಿಗಿ ಹಚ್ಚೋದಿತ್ತು."

"ಯಾರ ಮ್ಯಾಲೆ ಸಂಶಯ?"

"ವಾಚಮನ್ ಹಾಜಿಸಾಬ. ಉಗ್ರಾಣದ ಕೀಲಿ ಅವನ ಕೋಣ್ಯಾಗೇ ಇರ್ತದ. ಹೊರಗಿನವ್ರು ಬಂದಿದ್ರ ಕ್ಯಾಮೆರಾ ಅಲರ್ಟ್ ಕೊಡ್ತಿತ್ತು. ಒಂದೂ ಬಂದಿಲ್ಲ."

ಭಾರತೀಯ ನ್ಯಾಯ ಸಂಹಿತೆಯ ಕಲಂ 306ರ ಅಡಿ, ನೌಕರನೇ ಮಾಡಿದ ಕಳವೆಂದು, ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12.30ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿ ವಾಚಮನ್ ಕೋಣೆಯ ಮೊಳೆಗೆ ಎಂದಿನಂತೆ ತೂಗುತ್ತಿತ್ತು. ಹಾಜಿಸಾಬನನ್ನು ಬೆಳಿಗ್ಗೆಯೇ ಕೆಲಸದಿಂದ ನಿಲ್ಲಿಸಿದ್ದರು. ಮೂವತ್ತೊಂದು ವರ್ಷ ಆ ಗೇಟು ಕಾದವನು, ನಿವೃತ್ತಿಗೆ ಸರಿಯಾಗಿ ಒಂದು ತಿಂಗಳು ಉಳಿದಿತ್ತು. ಉಮಾದೇವಿ ಮರಳಿ ಬಂದಾಗ ಠಾಣೆಯ ಬೆಂಚಿನ ತುದಿಯಲ್ಲಿ, ಬೆಂಚನ್ನೂ ಸವೆಸಬಾರದು ಎನ್ನುವ ಹಾಗೆ ಕುಳಿತಿದ್ದ.

"ನಿನ್ನೆ ಮಧ್ಯಾಹ್ನ ಯಾರ್ಯಾರು ಹೊರಗ ಹೋದ್ರು, ಹಾಜಿಸಾಬ್ರೆ?"

"ಚರಗದ ಬುಟ್ಟಿ ಹೊತ್ತವ್ರು ಹೋದ್ರಿ."

"ಅಂದ್ರ ಯಾರು?"

"ಮಾರಿ ನೋಡ್ಲಿಲ್ರಿ ಮೇಡಂ. ಎಳ್ಳಮಾಸಿ ದಿನ ಬುಟ್ಟಿ ತಡದು ಒಳಗೇನದ ಅಂತ ಕೇಳೋದು ಚೊಲೊ ಅನಸ್ತದೇನ್ರಿ?" ಆಮೇಲೆ ಅಂದ, "ನೌಕರಿ ಹೋದ್ರ ಹೋಗ್ಲಿ. ಕಳ್ಳ ಅಂತ ಮನೀಗಿ ಹ್ಯಾಂಗ ಹೋಗ್ಲಿ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎಳ್ಳು ಅಮಾವಾಸ್ಯೆಯೆಂದರೆ ಈ ಭಾಗದ ಮನೆಗಳೆಲ್ಲ ಹೊಲದಲ್ಲೇ ಇರುತ್ತವೆ. ಸಜ್ಜೆ ರೊಟ್ಟಿ, ಭಜ್ಜಿ ತುಂಬಿದ ಬುಟ್ಟಿಗೆ ಕಂಬಳಿ ಮುಚ್ಚಿ ತಲೆಯ ಮೇಲೆ ಹೊತ್ತು ಹೋಗಿ, ಅದರಲ್ಲೊಂದಿಷ್ಟನ್ನು ಭೂಮಿತಾಯಿಗೆ ಚರಗವೆಂದು ಹೊಲದ ತುಂಬ ಚೆಲ್ಲಿ, ಆಮೇಲೆ ಉಣ್ಣುತ್ತಾರೆ. ಚರಗ ಚೆಲ್ಲುವ ಮೊದಲು ಆ ಬುಟ್ಟಿಗೆ ಮನೆಯವರೇ ಕೈ ಹಾಕುವುದಿಲ್ಲ. ಇನ್ನು ವಾಚಮನ್ ಹಾಕುತ್ತಾನೆಯೇ? ಆದರೂ ಇಡೀ ಊರು ಬೇಲಿಯ ಪಕ್ಕ ಓಡಾಡಿದ ದಿನ ಒಂದೂ ಅಲರ್ಟ್ ಇಲ್ಲ ಎನ್ನುವುದು ಉಮಾದೇವಿಗೆ ಒಗಟಾಯಿತು.

ಸಂಜೆ 4 ಗಂಟೆಗೆ ಕಾನ್‌ಸ್ಟೆಬಲ್ ಲಕ್ಷ್ಮಿಕಾಂತನನ್ನು ಕರೆದುಕೊಂಡು ಕಾರ್ಖಾನೆಯ ಕಂಟ್ರೋಲ್ ರೂಮಿಗೆ ಹೋದರು. ಲಕ್ಷ್ಮಿಕಾಂತ ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು. ಠಾಣೆಯ ಪ್ರಿಂಟರ್ ರಿಪೇರಿ ಬಿಟ್ಟು ಬೇರೆ ಕೆಲಸಕ್ಕೆ ಆ ಓದು ಉಪಯೋಗಕ್ಕೆ ಬಂದದ್ದು ಅಂದೇ ಮೊದಲು. ಆಪರೇಟರ್ ರತ್ನದೀಪ ಇಪ್ಪತ್ತೇಳರ ಹುಡುಗ, ದಂಡೋತಿ ಹಳ್ಳಿಯವನು.

"ಎಳ್ಳಮಾಸಿ ದಿನ ಮ್ಯೂಟ್ ಮಾಡ್ತೀವ್ರಿ," ಎಂದ ರತ್ನದೀಪ. "ಇಲ್ಲಂದ್ರ ಮಂದಿ ಅಡ್ಡಾಡಿದಂಗ ದಿನಾಪೂರ್ತಿ ಕೂಗ್ತದ. ಪರದಾ ಮ್ಯಾಲೆ ಬರಂಗಿಲ್ಲ ಅಷ್ಟೇ. ಸರ್ವರ್‌ನಾಗ ತೊಂಬತ್ತು ದಿನ ಇರ್ತಾವ."

"ಹೊರಗ ತಗೀಲಿಕ್ಕಿ ಬರ್ತದೇನು?"

"ಎಪಿಐ ಕೀ ಅಂತ ಒಂದು ಪಾಸ್‌ವರ್ಡ್ ಬೇಕ್ರಿ. ಎರಡು ಥರಾ ಅದಾವ. ಒಂದರಾಗ ಪರದಾಕ್ಕ ಬಂದ ಅಲರ್ಟ್ ಅಷ್ಟೇ ಸಿಗ್ತಾವ. ಇನ್ನೊಂದರಾಗ ಎಲ್ಲಾ."

ಅವನು ಗಾಜಿನಾಚೆ ಗೇಟಿನ ಕಡೆ ನೋಡಿದ. ಅಲ್ಲಿ ಹಾಜಿಸಾಬನ ಕುರ್ಚಿ ಖಾಲಿಯಿತ್ತು. ಆಮೇಲೆ ಎರಡನೆಯ ಕೀಯನ್ನು ಹಾಳೆಯ ಮೇಲೆ ಬರೆದು ಕೊಟ್ಟ.

ಜನವರಿ 1, ಬೆಳಿಗ್ಗೆ 11. ಲಕ್ಷ್ಮಿಕಾಂತ ಠಾಣೆಯ ಕಂಪ್ಯೂಟರಿನ ಮುಂದೆ ಕುಳಿತ. "ಎಪಿಐ ಅಂದ್ರ ತಹಸೀಲ್ ಕಚೇರಿ ಕಿಟಕಿ ಇದ್ದಂಗ ಮೇಡಂ. ಚೀಟ್ಯಾಗ ಏನು ಬರ್ದು ಕೊಡ್ತೀವೊ ಅಷ್ಟೇ ಒಳಗಿಂದ ಬರ್ತದ." ತಾರೀಖು ಬರೆದ. ಸೊನ್ನೆ ಬಂತು. "ಮ್ಯೂಟ್ ಆಗಿದ್ದವೂ ಬೇಕು" ಎಂದು ಸೇರಿಸಿದ. ನೂರು ಬಂದವು.

"ಬರೋಬ್ಬರಿ ನೂರೇನು?" ಎಂದರು ಉಮಾದೇವಿ. "ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ?"

ಲಕ್ಷ್ಮಿಕಾಂತ ನಾಲಿಗೆ ಕಚ್ಚಿಕೊಂಡ. ಕಿಟಕಿಯಿಂದ ಒಂದು ಸಲಕ್ಕೆ ನೂರೇ ಸಿಗುವುದು. ಮುಂದಿನ ಪುಟ ಕೇಳಿಯೇ ಪಡೆಯಬೇಕು. ಹನ್ನೆರಡು ಪುಟ ಕೇಳಿದ ಮೇಲೆ 1,163 ಅಲರ್ಟ್ ಕೈಗೆ ಬಂದವು. ಈಗ ಸೋಸುವ ಕೆಲಸ. ಪ್ರಾಣಿಗಳನ್ನು ತೆಗೆದರು, ಎತ್ತಿನ ಬಂಡಿಗಳನ್ನು ತೆಗೆದರು. ಉಳಿದ ಮನುಷ್ಯರನ್ನು ಕ್ಯಾಮೆರಾವಾರು ವಿಂಗಡಿಸಿದರು. ಏಳು, ಎಂಟು, ಒಂಬತ್ತು ಹೊಲದ ಕಡೆಯವು, ನೂರಾರು ಇದ್ದವು. ಹನ್ನೊಂದರಲ್ಲಿ ಎರಡೇ ಎರಡು: ಮಧ್ಯಾಹ್ನ 1.12, 1.21.

"ಹನ್ನೊಂದು ಎಲ್ಲದ?"

"ಉಗ್ರಾಣದ ಹಿಂಬಾಗಲ್ರಿ."

"ಅಲ್ಲಿ ಯಾರು ಚರಗಾ ಚೆಲ್ತಾರ? ಅದನ್ಯಾಕ ಮ್ಯೂಟ್ ಮಾಡಿದ್ರು? ಮ್ಯೂಟ್ ಮಾಡಿದ ಪಟ್ಟಿ ಸಿಗ್ತದೇನು ನೋಡು."

ಸಿಕ್ಕಿತು. ಆ ಪಟ್ಟಿ ಅಲರ್ಟ್‌ಗಳ ಹಾಗೆ ತೊಂಬತ್ತು ದಿನಕ್ಕೆ ಅಳಿಯುವುದಲ್ಲ. 2024ರ ಜನವರಿ 11ರ ಅಮಾವಾಸ್ಯೆಗೆ ಮ್ಯೂಟ್ ಆದವು ಏಳು, ಎಂಟು, ಒಂಬತ್ತು. ಡಿಸೆಂಬರ್ 30ರ ಅಮಾವಾಸ್ಯೆಗೆ ಏಳು, ಎಂಟು, ಒಂಬತ್ತು, ಹನ್ನೊಂದು. ಪಟ್ಟಿ ಮಾಡಿದ್ದು 29ರ ಸಂಜೆ 5.50ಕ್ಕೆ, ಮಾಡಿದವನು ರತ್ನದೀಪ. 1.21ರ ಅಲರ್ಟಿನ ಜೊತೆ ಒಂದು ಫೋಟೊ ಇತ್ತು: ಕಂಬಳಿ ಮುಚ್ಚಿದ ಬುಟ್ಟಿ ಹೊತ್ತವನ ಬೆನ್ನು.

"ರೊಟ್ಟಿ ಬುಟ್ಟಿಗಿ ಕುತ್ತಿಗಿ ಇಷ್ಟು ಕುಸಿಯಂಗಿಲ್ಲ ಮೇಡಂ," ಎಂದ ಲಕ್ಷ್ಮಿಕಾಂತ.

ಮಧ್ಯಾಹ್ನ 3.30ಕ್ಕೆ ಜೀಪು ದಂಡೋತಿ ಮುಟ್ಟಿತು. ರತ್ನದೀಪ ಬಾಗಿಲಲ್ಲೇ ನಿಂತಿದ್ದ, ಇವರಿಗಾಗಿ ಕಾದವನ ಹಾಗೆ. ಒಳಗೆ ಬುದ್ಧನ ಫೋಟೊದ ಕೆಳಗೆ ತೊಳೆದಿಟ್ಟ ಕಲ್ಲು. ಅದರ ಮುಂದೆ ಅವನ ಅಜ್ಜಿ ರಮಾಬಾಯಿ, ಎಂಬತ್ತು ದಾಟಿದ ಮುದುಕಿ, ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕುಳಿತಿದ್ದಳು.

"ಕಲ್ಲು ನೋಡ್ಲಿಕ್ಕಿ ಬಂದೀರೇನವ್ವಾ? ಕುಂದ್ರಿ," ಎಂದಳು. "ನಮ್ಮಪ್ಪಂದಿದು. ಈಗ ಗಣಿ ಆದಲ್ಲಿ ನನ್ನ ತವರೂರಿತ್ತು. ಊರ ಬಾವಿ ಹತ್ರ ನಮಗ ಬಿಡ್ತಿರ್ಲಿಲ್ಲ. ಅವ ತಾನೇ ತೋಡ್ದ. ಕಂಪನಿಯವ್ರು ತಿರುಗಿ ಕೊಟ್ರಂತ, ನಮ್ಮ ಹುಡುಗ ತಂದಾನ. ನನಗ ಓದಾಕ ಬರಂಗಿಲ್ಲ. ಜರಾ ಓದ್ರಿ."

ಉಮಾದೇವಿ ಟೋಪಿ ತೆಗೆದು ಕುಳಿತು ಓದಿದರು: "ದಶರಥ ತೋಡಿದ ಬಾವಿ. ಯಾರಾದರೂ ನೀರು ತುಂಬಬಹುದು."

"ಯಾರಾದ್ರೂ ಅಂತ ಬರಸ್ಯಾನ," ಎಂದಳು ಮುದುಕಿ. "ನಮಗ ಬ್ಯಾಡಂದವ್ರೂ ತುಂಬಬಹುದು."

ಉಮಾದೇವಿ ಟೋಪಿ ಹಾಕಿಕೊಂಡು ಎದ್ದರು. ಅಂಗಳಕ್ಕೆ ಬಂದು ರತ್ನದೀಪನನ್ನು ಕೇಳಿದರು: "ಕೇಳಿ ತಗೋಬಹುದಿತ್ತಲ್ಲ?"

"ಎರಡು ಸಲ ಅರ್ಜಿ ಕೊಟ್ಟೀನ್ರಿ. ಉತ್ತರ ಇಲ್ಲ. ಕಾರಂಜಿಗಿ ಹಚ್ತಾರಂತ ಗೊತ್ತಾತು. ಆಯಿ ಇರೋದ್ರಾಗ ಒಮ್ಮೆ ಮುಟ್ಲಿ ಅನಿಸ್ತು."

"ಮೊದಲನೇ ಕೀ ಕೊಟ್ಟಿದ್ರ ನಮಗ ಸೊನ್ನೆ ಸಿಗ್ತಿತ್ತು. ಎರಡನೇದು ಯಾಕ ಕೊಟ್ಟಿ?"

"ಕಲ್ಲು ಹೋದದ್ದು ಯಾರಿಗೂ ಗೊತ್ತಾಗಂಗಿಲ್ಲ ಅನ್ಕೊಂಡಿದ್ದೆ. ಹಾಜಿಸಾಬ ಕಾಕಾನ ಮ್ಯಾಲೆ ಬರ್ತದಂತ ಹೊಳೀಲಿಲ್ರಿ. ನಾಕು ವರ್ಷ ಅವರ ಡಬ್ಬ್ಯಾಗಿನ ರೊಟ್ಟಿ ಉಂಡೀನಿ." ಅವನು ತಲೆ ಎತ್ತಲಿಲ್ಲ. "ಆಯಿಗಿ ಮಾತ್ರ ಖರೇ ಹೇಳಬ್ಯಾಡ್ರಿ."

ಸಂಜೆ 4.10ಕ್ಕೆ ರತ್ನದೀಪನ ಬಂಧನವಾಯಿತು. ಅಕ್ಷರ ತಿದ್ದಿಸಲು ಕಲ್ಲು ಕೆತ್ತುವವನ ಹತ್ತಿರ ಒಯ್ಯುತ್ತೇವೆ ಎಂದು ಲಕ್ಷ್ಮಿಕಾಂತ ಮುದುಕಿಗೆ ಸುಳ್ಳು ಹೇಳಿದ. ಇಲಾಖೆಯ ಕೆಲಸದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದಲ್ಲ, ಆದರೆ ಅಷ್ಟು ತೊದಲಿದ್ದು ಅದೇ ಮೊದಲು. ಸಂಶಯಿತರ ಪಟ್ಟಿಯಿಂದ ಹಾಜಿಸಾಬನನ್ನು ಕೈಬಿಟ್ಟು ಕಾರ್ಖಾನೆಗೆ ಅಂದೇ ಪತ್ರ ಹೋಯಿತು.

ಜಪ್ತಿ ಪಂಚನಾಮೆ ಬರೆಯುವಾಗ ಮಾಲಿನ ವಿವರಕ್ಕೆ ಲಕ್ಷ್ಮಿಕಾಂತ 'ಕಲ್ಲು, ಒಂದು' ಎಂದು ಬರೆದಿದ್ದ. ಕಲ್ಲಿನ ಮೇಲಿನ ಎರಡೂ ಸಾಲುಗಳನ್ನು ಉಮಾದೇವಿ ಅಕ್ಷರ ಬಿಡದೆ ಸೇರಿಸಿ ಬರೆಸಿದರು. ಮುಂದಿನ ಕಾಲಂ, ಮಾಲಿನ ಮಾಲಕರು. ಅವನು ಕಾರ್ಖಾನೆಯ ಹೆಸರು ಬರೆಯಲು ಪೆನ್ನು ಊರಿದ.

"ಅವರು ದೂರುದಾರರು. ಅಷ್ಟೇ ಬರಿ," ಎಂದರು ಉಮಾದೇವಿ. "ಮಾಲಕರು ಯಾರಂತ ಕೋರ್ಟು ಕೇಳ್ಲಿ. ಕಲ್ಲಿನ ಮ್ಯಾಲೆ ಬರದದ ಅಂತ ನಾನೇ ಹೋಗಿ ಹೇಳ್ತೀನಿ."